ತಿಂಗಳಿಗೆ ಎರಡು ದಿನ ಹಳ್ಳಿಗೆ ಕೊಡಬಯಸುವ ವೈದ್ಯರಿಗೆ: ಮಾಡಿ ನೋಡಿದವರ ಅನುಭವಗಳು

ಪ್ರಶ್ನೆ: ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷಗಳಿಂದ ಜನರಲ್ ಮೆಡಿಸಿನ್ ವೈದ್ಯೆಯಾಗಿದ್ದೇನೆ. ತಿಂಗಳಿಗೆ ಎರಡು ದಿನಗಳನ್ನು ಹಳ್ಳಿಯ ಜನರ ಆರೋಗ್ಯಕ್ಕೂ ಶಾಲೆಗಳಿಗೂ ಕೊಡಬೇಕೆಂದಿದ್ದೇನೆ. ಉಚಿತ ಶಿಬಿರ ನಡೆಸುವುದೋ, ಸಂಸ್ಥೆಯೊಂದನ್ನು ಸೇರುವುದೋ, ಸರ್ಕಾರಿ ವ್ಯವಸ್ಥೆಯೊಳಗೇ ಕೆಲಸ ಮಾಡುವುದೋ ತಿಳಿಯುತ್ತಿಲ್ಲ. ಅಮೆರಿಕದಲ್ಲಿರುವ ನನ್ನ ಸಹಪಾಠಿಯೊಬ್ಬರೂ ಕೈಜೋಡಿಸಲು ಸಿದ್ಧರಿದ್ದಾರೆ. ಅನುಭವವುಳ್ಳವರು ತಿಳಿಸಬೇಕೆಂದು ವಿನಂತಿ.

ಮೈಸೂರಿನ ನಿವೃತ್ತ ವೈದ್ಯರೊಬ್ಬರ ಉತ್ತರ:

ಶಿಬಿರದಿಂದ ಆರಂಭಿಸಬೇಡಿ ಎಂಬುದೇ ನನ್ನ ಮೊದಲ ಸಲಹೆ. ಹುಣಸೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾವು ಐವರು ವೈದ್ಯರು ಒಂದು ಭಾನುವಾರ ಶಾಲೆಯ ಜಗಲಿಯಲ್ಲಿ ಕುಳಿತು, ಸಂಜೆಯೊಳಗೆ ನೂರೆಂಬತ್ತು ಮಂದಿಯನ್ನು ನೋಡಿದೆವು. ರಕ್ತದೊತ್ತಡ ಹೆಚ್ಚಿದ್ದವರಿಗೆ ಹತ್ತು ದಿನಗಳ ಮಾತ್ರೆ ಕೊಟ್ಟು, ಮುಂದೆ ಆಸ್ಪತ್ರೆಗೆ ತೋರಿಸಿಕೊಳ್ಳಿ ಎಂದು ಹೇಳಿ ಹೊರಟುಬಂದೆವು. ಮರುವರ್ಷ ಅದೇ ಜಗಲಿಗೆ ಬಂದ ಒಬ್ಬ ಅಜ್ಜಿ, ಎಲೆಅಡಿಕೆ ಚೀಲದಿಂದ ನಾವು ಕೊಟ್ಟಿದ್ದ ಮಾತ್ರೆಯ ಖಾಲಿ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟು, "ಇದೇ ಗುಳಿಗೆ ಕೊಡಿ ಸ್ವಾಮಿ, ತಲೆಸುತ್ತು ನಿಂತಿತ್ತು, ಆಮೇಲೆ ನೀವು ಬರಲೇ ಇಲ್ಲ" ಎಂದರು. ಅಂದು ಅವರ ರಕ್ತದೊತ್ತಡ 190/110 ಇತ್ತು. ಅದೇ ಗುಳಿಗೆ ನಾಲ್ಕು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತಿತ್ತು. ಆ ದಾರಿಯನ್ನು ಅವರಿಗೆ ತೋರಿಸಿಕೊಡದೆ ಬಂದವರು ನಾವು.

ಅಲ್ಲಿಂದ ಮುಂದೆ ನಾನು ತಾಲ್ಲೂಕು ಆರೋಗ್ಯಾಧಿಕಾರಿಯವರಿಗೆ ಪತ್ರ ಬರೆದು, ವೈದ್ಯಕೀಯ ಪರಿಷತ್ತಿನ ನೋಂದಣಿಯ ಪ್ರತಿ ಲಗತ್ತಿಸಿ, ಅದೇ ಆರೋಗ್ಯ ಕೇಂದ್ರಕ್ಕೆ ತಿಂಗಳ ಎರಡನೆಯ ಗುರುವಾರ ಹೋಗತೊಡಗಿದೆ. ದಿನ ಬದಲಾಗಬಾರದು; ಮೂರನೆಯ ತಿಂಗಳಿಗೆ ಆಶಾ ಕಾರ್ಯಕರ್ತೆಯರೇ ಮಾತ್ರೆ ನಿಲ್ಲಿಸಿದವರನ್ನು ಆ ದಿನಕ್ಕೆ ಕರೆತರಲಾರಂಭಿಸಿದರು. ಅಲ್ಲಿನ ವೈದ್ಯಾಧಿಕಾರಿಯೇ ರೋಗಿಗಳ ವೈದ್ಯರು, ನೀವು ಅವರಿಗೆ ನೆರವಾಗಲು ಬಂದವರು ಎಂಬುದನ್ನು ಮರೆಯಬೇಡಿ. ಆ ಕೇಂದ್ರದ ದಾಸ್ತಾನಿನಲ್ಲಿ ಇಲ್ಲದ ಔಷಧಿಯನ್ನು ಬರೆದುಕೊಟ್ಟರೆ ರೋಗಿ ಕೂಲಿಯ ಹಣವನ್ನು ಮೆಡಿಕಲ್ ಶಾಪಿಗೆ ಸುರಿಯಬೇಕಾಗುತ್ತದೆ. ಮಧ್ಯಾಹ್ನದ ಒಂದು ಗಂಟೆಯನ್ನು ಸಿಬ್ಬಂದಿಗೆ ಕಲಿಸಲು ಮೀಸಲಿಡಿ: ಐದು ನಿಮಿಷ ಕೂರಿಸಿ ಆಮೇಲೆ ಬಿಪಿ ನೋಡುವುದು, ದಪ್ಪ ತೋಳಿಗೆ ದೊಡ್ಡ ಪಟ್ಟಿ ಕಟ್ಟುವುದು, ಪಾದದ ಗಾಯಕ್ಕಾಗಿ ಮಧುಮೇಹಿಯ ಚಪ್ಪಲಿ ಬಿಚ್ಚಿಸಿ ನೋಡುವುದು. ನಾನು ನೋಡಿದ ರೋಗಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಗಂಟೆಯೇ ಎಂದು ನಂಬಿದ್ದೇನೆ.

ಸಂಸ್ಥೆಯೊಂದಿಗೆ ಸೇರುವುದಾದರೆ ಒಮ್ಮೆ ಹೋಗಿ ನೋಡಬೇಕಾದ ಎರಡು ಸ್ಥಳಗಳಿವೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಒಂದು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು 1984ರಲ್ಲಿ ಕಟ್ಟಿ, ಹೆಗ್ಗಡದೇವನಕೋಟೆಯ ಕಡೆ ಬೇರೂರಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇನ್ನೊಂದು. ಎರಡೂ ಕಡೆ ಚಿಕಿತ್ಸೆಯ ಜೊತೆಗೆ ಗಿರಿಜನ ಮಕ್ಕಳ ಶಾಲೆಯೂ ಬೆಳೆದಿದೆ, ಆದ್ದರಿಂದ ನೀವು ಕೇಳಿದ ಎರಡು ಕೆಲಸಗಳೂ ಅಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ತುಮಕೂರಿನ ಪ್ರಸೂತಿ ತಜ್ಞೆಯೊಬ್ಬರ ಉತ್ತರ:

ಖಾಸಗಿ ವೈದ್ಯರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಬಾಗಿಲು ಈಗಾಗಲೇ ತೆರೆದಿದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ, ಖಾಸಗಿ ವೈದ್ಯರು ಸ್ವಯಂಸೇವಕರಾಗಿ ಹೆಸರು ನೋಂದಾಯಿಸಬಹುದು. ಪ್ರಸೂತಿ ತಜ್ಞರು ಮಾತ್ರವಲ್ಲ, ನಿಮ್ಮಂಥ ಫಿಜಿಷಿಯನ್‌ಗಳೂ ಅಲ್ಲಿ ಬೇಕಾಗುತ್ತಾರೆ. ತಾಯಿ ಕಾರ್ಡಿಗೆ ಹೆಚ್ಚಿನ ಅಪಾಯದ ಸೂಚನೆಯಾಗಿ ಕೆಂಪು ಗುರುತು ಬಿದ್ದ ಗರ್ಭಿಣಿಯರಲ್ಲಿ ತೀವ್ರ ರಕ್ತಹೀನತೆ, ರಕ್ತದೊತ್ತಡ, ಥೈರಾಯ್ಡ್, ಹೃದಯದ ಕವಾಟದ ತೊಂದರೆ ಇರುವವರು ಸಿಗುತ್ತಾರೆ. ಅಂಥವರ ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಹೋಗಲು ವಾಹನ ಯಾವುದು ಎಂಬುದನ್ನು ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಅಂದೇ ತೀರ್ಮಾನಿಸಿ.

ಶಿವಮೊಗ್ಗ ಜಿಲ್ಲೆಯ ವೈದ್ಯರೊಬ್ಬರ ಉತ್ತರ:

ಶಾಲೆಯ ಬಗ್ಗೆ ಮಾತ್ರ ಹೇಳುತ್ತೇನೆ. ಮುಖ್ಯೋಪಾಧ್ಯಾಯರ ಹಾಗೂ ಶಿಕ್ಷಣ ಇಲಾಖೆಯ ಒಪ್ಪಿಗೆ ಪಡೆದು, ಒಂದು ಸಲಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ. ನಾನು ಆರಿಸಿಕೊಂಡದ್ದು ಹಾವಿನ ಕಡಿತ. 2024ರಲ್ಲಿ ನಮ್ಮ ರಾಜ್ಯ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಎಂಟನೆಯ ತರಗತಿಯ ಮಕ್ಕಳಿಗೆ ಉಪನ್ಯಾಸ ಕೊಡದೆ, ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ, ಅಡಿಕೋಲು ಮತ್ತು ದುಪಟ್ಟಾದಿಂದ ಕಾಲು ಅಲುಗಾಡದಂತೆ ಕಟ್ಟುವುದನ್ನು ಅವರ ಕೈಯಿಂದಲೇ ಮಾಡಿಸಿದೆ. ಕುಯ್ಯಬಾರದು, ಚೀಪಬಾರದು, ರಕ್ತ ನಿಲ್ಲುವಂತೆ ಬಿಗಿಯಬಾರದು, ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಹೋಗಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಗಾಯವಾಗಲಿ ನೋವಾಗಲಿ ಕಾಣದಿರಬಹುದು, ರೆಪ್ಪೆ ಜೋತುಬಿದ್ದರೆ ಅದೇ ಸುಳಿವು ಎಂದೂ ತಿಳಿಸಿದೆ. ಕೊನೆಯಲ್ಲಿ ಒಬ್ಬ ಹುಡುಗಿ, "ನಮ್ಮಜ್ಜಿ ಹಗ್ಗ ಬಿಗಿದೇ ಬಿಗಿಯುತ್ತಾರೆ, ಅವರಿಗೆ ಏನು ಹೇಳಲಿ ಸರ್?" ಎಂದು ಕೇಳಿದಳು. ಮುಂದಿನ ತಿಂಗಳು ಅದೇ ಪಾಠವನ್ನು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮಾಡಿದೆ, ಕಾಲು ಕಟ್ಟಿ ತೋರಿಸಿದವಳು ಅವಳೇ.

ವಿದೇಶದಿಂದ ಒಬ್ಬ ಕನ್ನಡಿಗ ವೈದ್ಯರ ಉತ್ತರ:

ನಿಮ್ಮ ಸಹಪಾಠಿಯವರ ಭಾರತದ ನೋಂದಣಿ ಚಾಲ್ತಿಯಲ್ಲಿಲ್ಲದಿದ್ದರೆ ಅವರು ರೋಗಿಗಳಿಗೆ ಚಿಕಿತ್ಸೆ ಬರೆಯಬಾರದು. ಪೆಟ್ಟಿಗೆ ತುಂಬ ಸ್ಯಾಂಪಲ್ ಔಷಧಿ ತರುವುದೂ ಬೇಡ. ನಾನು ತಂದವು ಮೂರು ತಿಂಗಳಲ್ಲಿ ಅವಧಿ ಮೀರಿದವು, ಅವುಗಳ ಹೆಸರೂ ಊರಿನ ಆರೋಗ್ಯ ಸಿಬ್ಬಂದಿಗೆ ಪರಿಚಿತವಾಗಿರಲಿಲ್ಲ. ಈಗ ನಾನು ತಿಂಗಳಿಗೊಮ್ಮೆ, ಅಲ್ಲಿನ ಬೆಳಗ್ಗೆ ಇಲ್ಲಿನ ರಾತ್ರಿಯಾಗಿರುವಾಗ, ವಿಡಿಯೋ ಕರೆಯಲ್ಲಿ ಇಬ್ಬರು ಯುವ ವೈದ್ಯಾಧಿಕಾರಿಗಳೊಂದಿಗೆ ಕಷ್ಟದ ಪ್ರಕರಣಗಳನ್ನು ಚರ್ಚಿಸುತ್ತೇನೆ. ಕಳೆದ ಬಾರಿ ಅವರು ಕೇಳಿದ್ದು ದಪ್ಪ ತೋಳಿಗೆ ಹೊಂದುವ ಬಿಪಿ ಪಟ್ಟಿಗಳನ್ನು. ಹಣ ಕಳುಹಿಸಿದೆ, ಅವರೇ ಮೈಸೂರಿನಲ್ಲಿ ಆರು ಪಟ್ಟಿ ಕೊಂಡು ಉಪಕೇಂದ್ರಗಳಿಗೆ ಹಂಚಿದರು.