ಪದ ಬೇಕು: ‘ಎಮರ್ಜೆನ್ಸಿ ಸ್ಪಿಲ್‌ವೇ’, ದೋಣಿವಿಹಾರದ ಕೆರೆಯ ಫಲಕಕ್ಕೆ

ಗೆಳೆಯರೇ, ಸಣ್ಣ ಕೆರೆ, ಮಣ್ಣಿನ ಏರಿ, ದೋಣಿ ಬಿಡುತ್ತಾರೆ. ಫಲಕದ ಬರಹ ನಾಳೆ ಬೆಳಿಗ್ಗೆ ಪೇಂಟರ್ ಕೈ ಸೇರಬೇಕು. ನನಗೆ ಬಂದ ಕರಡಿನಲ್ಲಿ ಎಮರ್ಜೆನ್ಸಿ ಸ್ಪಿಲ್‌ವೇಗೆ ‘ತುರ್ತು ಉತ್ಪ್ಲವ ಮಾರ್ಗ’, ಏರಿಯೊಳಗಿಂದ ನೀರು ಒಸರುವ ಸೀಪೇಜಿಗೆ ‘ಅಂತಃಸ್ರವಣ’ ಎಂದಿದೆ. ಏರಿ ಮೇಲೆ ವಾಕಿಂಗ್ ಬರುವವರಿಗೆ ತಿಳಿಯುವ ಪದ ಕೊಡಿ.

ಮರು: ಎರಡೂ ಬೇಡ. ಸ್ಪಿಲ್‌ವೇ ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಕೋಡಿ, ಸ್ಲೂಸ್ ಅಂದರೆ ಬೇಕಾದಾಗ ತೆರೆದು ನೀರು ಬಿಡುವ ತೂಬು. ನಿಮ್ಮಲ್ಲಿ ಎರಡು ಕೋಡಿ ಇರಬೇಕು: ದಿನನಿತ್ಯದ ಹೆಚ್ಚುವರಿ ನೀರನ್ನು ಒಯ್ಯುವ ಕೊಳವೆ ಒಂದು, ಜೋರು ಮಳೆಗೆ ಮಾತ್ರ ಹರಿಯುವ, ಏರಿಯ ತುದಿಯ ಹುಲ್ಲುಹಾಸಿನ ಅಗಲ ಕಾಲುವೆ ಇನ್ನೊಂದು. ‘ಕೊಳವೆ ಕೋಡಿ’, ‘ಹುಲ್ಲುಕೋಡಿ’ ಎನ್ನಿ.

ಮರು: ‘ಹುಲ್ಲುಗೋಡಿ’. ಮಳೆಗಾಲ ಎನ್ನುವವರು ಇಲ್ಲೇಕೆ ಆದೇಶ ಸಂಧಿ ಬಿಡಬೇಕು? ಕೋಡಿ ಬಂದದ್ದು ಕೋಡಿನಿಂದ. ಏರಿಯ ತುದಿ, ಕೊಂಬು. ಅಚ್ಚಗನ್ನಡ ಪದ ಕೈಯಲ್ಲಿರುವಾಗ ಉತ್ಪ್ಲವ ತಂದವರನ್ನು ಕೆರೆ ಹತ್ತಿರ ಬಿಡಬಾರದು.

ಮರು: ಸಂಸ್ಕೃತದ ‘ಕೋಟಿ’ಗೂ ತುದಿ ಎಂಬ ಅರ್ಥವಿದೆ. ಯಾವುದು ಯಾವುದರಿಂದ ಎಂದು ಇಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ‘ಫಲಕ’ವೂ ಸಂಸ್ಕೃತವೇ. ಅದನ್ನೂ ಕಿತ್ತುಹಾಕುತ್ತೀರಾ?

ಮರು: ಬೋರ್ಡು ಎಂದರೆ ಸಾಕು.

ಮರು: ವ್ಯುತ್ಪತ್ತಿ ಆಮೇಲೆ. ಸೀಪೇಜಿಗೆ ‘ಜಿನುಗು’ ಸರಿ, ಆದರೆ ಫಲಕಕ್ಕೆ ಅಷ್ಟೇ ಸಾಲದು. ಏರಿಯ ಬುಡದಲ್ಲಿ ತಿಳಿನೀರು ಸಣ್ಣಗೆ ಜಿನುಗಿದರೆ ಅಳೆದು ಗಮನಿಸುತ್ತಿದ್ದರಾಯಿತು. ನೀರು ಕೆಂಪಾಗಿ, ಮಣ್ಣು ಹೊತ್ತು ಬಂದರೆ ಏರಿ ಒಳಗಿನಿಂದ ಕೊರೆದುಹೋಗುತ್ತಿದೆ. ತುಂಗಭದ್ರಾ ಕಾಲುವೆಗಳ ಕಡೆ ಇದಕ್ಕೆ ‘ಬೋಂಗಾ ಬಿತ್ತು’ ಎನ್ನುತ್ತಾರೆ. ಏಡಿ, ಇಲಿ ತೋಡಿದ ಬಿಲ, ಕಡಿದ ಮರದ ಕೊಳೆತ ಬೇರು, ತೂಬಿನ ಕೊಳವೆಯ ಸುತ್ತ ಸರಿಯಾಗಿ ದಮ್ಮಸು ಮಾಡದ ಮಣ್ಣು: ಶುರುವಾಗುವುದು ಇಲ್ಲೇ. ಹೊರಬದಿಯಲ್ಲಿ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಬಾರದು. ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಬೇಕು. ನೀರು ಸೋಸಿ ಹೋಗಲಿ, ಮಣ್ಣು ನಿಲ್ಲಲಿ. ಜೊತೆಗೆ ತೂಬು ತೆಗೆದು ಮಟ್ಟ ಇಳಿಸಿ, ಆದರೆ ನಿಧಾನವಾಗಿ. ಒಮ್ಮೆಲೇ ಇಳಿಸಿದರೆ ನೆನೆದ ಒಳಬದಿ ಕುಸಿಯುತ್ತದೆ.

ಮರು: ‘ಬೋಂಗಾ’ ಕನ್ನಡವೇ ಅಲ್ಲ.

ಮರು: ರಾಯಚೂರಿನ ರೈತ ಆಡುವುದು ಕನ್ನಡವೇ. ಇನ್ನು ಮುಖ್ಯ ವಿಷಯ: ದೋಣಿಗೆ ನೀರು ಸಾಲದೆಂದು ಕೋಡಿಗೆ ಹಲಗೆ, ಮರಳಿನ ಚೀಲ ಅಡ್ಡ ಇಡುತ್ತಾರೆ, ಮೀನು ಹೋಗದಿರಲೆಂದು ಜಾಲರಿ ಕಟ್ಟುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟೆ ಸಿರಿವಂತರ ವಿಹಾರ ಕ್ಲಬ್ಬಿನ ಕೈಯಲ್ಲಿತ್ತು. ಕೋಡಿಯಲ್ಲಿ ಮೀನಿನ ಜಾಲರಿ, ಗಾಡಿ ಓಡಾಡಲೆಂದು ತಗ್ಗಿಸಿದ ಏರಿ. ತೂಬಿನ ಕೊಳವೆಗಳನ್ನು ಹಿಂದಿನ ಮಾಲೀಕರೇ ಕಿತ್ತಿದ್ದರು, ಮತ್ತೆ ಯಾರೂ ಹಾಕಲಿಲ್ಲ. 1889ರ ಮೇ 31ರ ಮಳೆಗೆ ಜಾಲರಿಗೆ ಕಸ ಕಟ್ಟಿಕೊಂಡಿತು, ನೀರು ಏರಿಯನ್ನೇ ಹತ್ತಿ ಹರಿಯಿತು. ಏರಿ ಒಡೆದು, ಕೆಳಗಿನ ಜಾನ್ಸ್‌ಟೌನ್ ಊರಿನ ಕಡೆ ಸತ್ತವರು 2,200ಕ್ಕೂ ಹೆಚ್ಚು. ಮಣ್ಣಿನ ಏರಿ ತನ್ನ ತಲೆ ಮೇಲೆ ನೀರು ಹರಿದರೆ ತಾಳುವುದಿಲ್ಲ.

ಫಲಕಕ್ಕೆ ಹೀಗೆ ಬರೆಯಿರಿ: ‘ಇದು ಕೋಡಿ. ಅಡ್ಡ ಏನನ್ನೂ ಇಡಬೇಡಿ. ಕೋಡಿ ಹರಿಯುವಾಗ ಇಳಿಯಬೇಡಿ. ಏರಿಯ ಬುಡದಲ್ಲಿ ಕೆಂಪು ನೀರು ಕಂಡರೆ ಕೂಡಲೇ ತಿಳಿಸಿ.’ ಕೆಳಗೆ ಫೋನ್ ನಂಬರು.

ಮರು (ಕೇಳಿದವರು): ಧನ್ಯವಾದ, ಇದನ್ನೇ ಕಳಿಸುತ್ತಿದ್ದೇನೆ. ತುಂಬಿದ ನೀರಿಗೂ ಏರಿಯ ತಲೆಗೂ ನಡುವಿನ ‘ಫ್ರೀಬೋರ್ಡ್’ಗೆ ಪದ?

ಮರು: ಮೇಲುಬಿಡುವು.

ಮರು: ಯಾರೂ ಹಾಗೆ ಅನ್ನುವುದಿಲ್ಲ. ಏರಿಗೆ ಬಣ್ಣದ ಅಳತೆಗಂಬ ನೆಟ್ಟು ‘ನೀರು ಈ ಗೆರೆ ದಾಟಬಾರದು’ ಎಂದು ಬರೆಸಿ.