ಮೆನೋರ್ಕಾದಲ್ಲಿ ಕುದುರೆ ಸವಾರಿ: ಮೊದಲ ಸಲ ಹತ್ತುವವರಿಗೆ ಆಗುತ್ತದಾ?

ಸ್ಟುಟ್‌ಗಾರ್ಟ್ ಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೊದಲ ವಾರ ಸ್ಪೇನಿನ ಮೆನೋರ್ಕಾ ದ್ವೀಪಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 9 ವರ್ಷದ ಮಗಳು, ಜೊತೆಗೆ ಊರಿನಿಂದ ಬಂದಿರುವ ಅತ್ತೆ. ಬೀಚಿನ ನೀರಿನಲ್ಲಿ ಕುದುರೆ ಓಡಿಸುವ ವಿಡಿಯೋ ನೋಡಿ ಮಗಳು ಹಠ ಹಿಡಿದಿದ್ದಾಳೆ. ನಮಗೆ ಕುದುರೆ ಅಂದರೆ ಊಟಿಯಲ್ಲಿ ಹುಡುಗನೊಬ್ಬ ಹಗ್ಗ ಹಿಡಿದು ಸುತ್ತಿಸಿದ್ದು, ಅಷ್ಟೇ. ಅಲ್ಲಿ ನಮ್ಮಂಥವರನ್ನು ಹತ್ತಿಸುತ್ತಾರಾ? ಯಾವ ಕಡೆ ಹೋಗಬೇಕು? ಏನು ಹಾಕಿಕೊಳ್ಳಬೇಕು? ಯಜಮಾನರು 96 ಕೆಜಿ ಇದ್ದಾರೆ, ಅದೂ ಒಂದು ಚಿಂತೆ.

ಅಲೆಮಾರಿ ಗಿರಿ:
ಅಷ್ಟು ದೂರ ಹೋಗಿ ಬೀಚಿನಲ್ಲಿ ಓಡಿಸದಿದ್ದರೆ ಏನು ಮಜಾ? ಹತ್ತಿ, ಆಮೇಲೆ ನೋಡಿಕೊಳ್ಳೋಣ 😄

ಲಾಯದ ಹುಡುಗ:
ಗಿರಿ ಮಾತು ಕೇಳಬೇಡಿ ಮೇಡಂ. ನಮ್ಮ ಅಪ್ಪ ಮೈಸೂರಿನ ಅಶ್ವದಳದಲ್ಲಿ ಪೊಲೀಸ್ ಆಗಿದ್ದರು. ನಾನು ಬೆಳೆದಿದ್ದೇ ಲದ್ದಿ, ಹುರುಳಿ ವಾಸನೆಯಲ್ಲಿ. ಈಗ ಬಾರ್ಸಿಲೋನಾದಲ್ಲಿ ಕೆಲಸ. ರಜೆ ಸಿಕ್ಕಾಗೆಲ್ಲ ರಾತ್ರಿ ಹಡಗು ಹತ್ತಿ ಮೆನೋರ್ಕಾಕ್ಕೆ ಹೋಗುತ್ತೇನೆ, ಕುದುರೆಗೋಸ್ಕರವೇ.

ಮೊದಲು ಬೀಚಿನ ವಿಷಯ ಮುಗಿಸೋಣ. ಜನ ಈಜಾಡುವ ತಿಂಗಳುಗಳಲ್ಲಿ ಬೀಚಿಗೆ ಕುದುರೆ ಇಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಸೆಪ್ಟೆಂಬರ್ ಆರಂಭ ಅಂದರೆ ಇನ್ನೂ ಅದೇ ಸೀಸನ್. ಬಿಟ್ಟರೂ ಹೊಸಬರಿಗೆ ಅದು ಬೇಡ. ವಿಶಾಲವಾದ ಮರಳು ಕಂಡರೆ ಕುದುರೆಗೆ ಓಡಬೇಕು ಅನಿಸುತ್ತದೆ. ಒಂದು ಓಡಿದರೆ ಹಿಂದಿನವೂ ಓಡುತ್ತವೆ. ಆಗ ಲಗಾಮು ನಿಮ್ಮ ಕೈಯಲ್ಲಿ ಇರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಅಲ್ಲಿ ಸವಾರಿಗೆ ಸರಿಯಾದ ಜಾಗ ‘ಕಮಿ ದೆ ಕವಾಲ್ಸ್’ ಅನ್ನುವ ಹಳೇ ಕುದುರೆ ದಾರಿ. ಕರಾವಳಿ ಹಿಡಿದು ಇಡೀ ದ್ವೀಪವನ್ನು ಸುತ್ತುತ್ತದೆ, ಒಟ್ಟು 185 ಕಿ.ಮೀ. ಹಿಂದೆ ಸಮುದ್ರದ ಕಡೆಯಿಂದ ಶತ್ರುಗಳು ಬರುತ್ತಾರಾ ಅಂತ ಕಾಯುವ ಸವಾರರು ಓಡಾಡುತ್ತಿದ್ದ ದಾರಿ. ಆಮೇಲೆ ಎಷ್ಟೋ ಕಡೆ ಜಮೀನಿನವರು ಗೇಟು ಹಾಕಿ ಮುಚ್ಚಿಬಿಟ್ಟಿದ್ದರು. ಜನ ಹೋರಾಡಿದರು, 2000ದಲ್ಲಿ ಕಾನೂನು ಬಂತು, 2010ರಲ್ಲಿ ಪೂರ್ತಿ ದಾರಿ ಎಲ್ಲರಿಗೂ ತೆರೆಯಿತು. ಕಾಡು ಆಲಿವ್ ಮರದ ಸೊಟ್ಟ ಸೊಟ್ಟ ಕೊಂಬೆಗಳ ಗೇಟುಗಳು ಈಗಲೂ ಇವೆ. ದಾಟಿದ ಮೇಲೆ ಮುಚ್ಚಲೇಬೇಕು, ಒಳಗೆ ದನ ಇರುತ್ತವೆ.

ನಿಮಗೆ ದಕ್ಷಿಣದ ಕಡೆ ಒಳ್ಳೆಯದು. ಕಾಲಾ ಗಲ್ದಾನಾ ಸುತ್ತಮುತ್ತ ಪೈನ್ ಮರಗಳ ನೆರಳಿದೆ, ಕೆಳಗೆ ನೀಲಿ ನೀರು ಕಾಣುತ್ತದೆ. ಉತ್ತರದ ಕವಾಲೆರಿಯಾ ಕಡೆ ಮಣ್ಣು ಕೆಂಪು, ನೋಟ ಇನ್ನೂ ಚೆಂದ. ಆದರೆ ನೆರಳಿಲ್ಲ, ಏರಿಳಿತ ಜಾಸ್ತಿ. ಅದರ ಮೇಲೆ ‘ತ್ರಮುಂತಾನಾ’ ಅನ್ನುವ ಉತ್ತರದ ಗಾಳಿ. ಅದು ಬೀಸಿದ ದಿನ ಕುದುರೆಗಳು ಸುಮ್ನೆ ಬೆಚ್ಚುತ್ತವೆ. ಅಂಥ ದಿನ ಲಾಯದವರು ಇವತ್ತು ಬೇಡ ಅಂದರೆ ಜಗಳ ಆಡಬೇಡಿ, ಅವರು ಒಳ್ಳೆಯವರು ಅಂತ ಅರ್ಥ.

ಲಾಯದವರು ತುಂಬಿಸಿಕೊಳ್ಳುವ ಅರ್ಜಿಯಲ್ಲಿ ಸವಾರಿ ‘ಸ್ವಲ್ಪ ಬರುತ್ತದೆ’ ಅಂತ ಬರೆಯಲೇಬೇಡಿ. ನಮ್ಮವರು ಊಟಿ ಸುತ್ತನ್ನೇ ಲೆಕ್ಕಕ್ಕೆ ಹಿಡಿದು ಹಾಗೆ ಬರೆಯುತ್ತಾರೆ, ಅವರಿಗೆ ಚುರುಕು ಕುದುರೆ ಸಿಗುತ್ತದೆ. ‘ಏನೂ ಬರಲ್ಲ’ ಅಂದರೆ ಸಿಗುವುದು ಎಲ್ಲವನ್ನೂ ನೋಡಿ ಬೇಸತ್ತ ಮುದಿ ಕುದುರೆ. ಅದೇ ನಿಮಗೆ ಬೇಕಾಗಿರುವುದು.

ಉದ್ದ ಪ್ಯಾಂಟ್ ಹಾಕಿ. ಚಡ್ಡಿ ಹಾಕಿದರೆ ರಿಕಾಪಿನ (ಪಾದ ಇಡುವ ಕಬ್ಬಿಣದ ಬಳೆ) ಬೆಲ್ಟು ಮೀನಖಂಡದ ಚರ್ಮ ಕಿತ್ತುಬಿಡುತ್ತದೆ. ಶೂಗೆ ಚಿಕ್ಕ ಹಿಮ್ಮಡಿ ಇರಲಿ, ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳಬಾರದು. ಹೆಲ್ಮೆಟ್ ಕೊಡದ ಕಡೆ ಹತ್ತಲೇಬೇಡಿ. ಮೊಬೈಲನ್ನು ಜಿಪ್ ಇರುವ ಜೇಬಿನಲ್ಲಿಡಿ. ಇಳಿಜಾರಿನಲ್ಲಿ ಲಗಾಮು ಬಿಗಿ ಹಿಡಿಯಬೇಡಿ. ಕುದುರೆ ತಲೆ ತಗ್ಗಿಸಿ ಕಲ್ಲು ನೋಡಿಕೊಂಡು ಹೆಜ್ಜೆ ಇಡಬೇಕು, ಅದಕ್ಕೆ ಕತ್ತು ಬಿಡಿ. ‘ದಾರಿ ಅದಕ್ಕೆ ಗೊತ್ತು, ನೀನು ಸುಮ್ನೆ ಕೂತ್ಕೋ’ ಅಂತ ಅಪ್ಪ ಬೈಯುತ್ತಿದ್ದರು.

ಯಜಮಾನರ ತೂಕ ಬುಕ್ ಮಾಡುವಾಗಲೇ ಹೇಳಿ, ಮುಚ್ಚಿಡಬೇಡಿ. ಹಲವು ಲಾಯಗಳು 90 ಕೆಜಿ ಹತ್ತಿರ ನಿಲ್ಲಿಸಿಬಿಡುತ್ತವೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಅನ್ನುವುದು ಬಹಳ ಕಡೆ ಪಾಲಿಸುವ ಲೆಕ್ಕ. ದೊಡ್ಡ ಕುದುರೆ ಇದ್ದರೆ ಕೊಡುತ್ತಾರೆ.

ಕಾವೇರಿ ತೀರ:
ಇನ್ಶೂರೆನ್ಸ್ ಮರೆಯಬೇಡಿ. ಅತ್ತೆಯವರ ಷೆಂಗೆನ್ ವೀಸಾಕ್ಕೆ 30,000 ಯೂರೋ ವೈದ್ಯಕೀಯ ಕವರ್ ಇರುವ ಪಾಲಿಸಿ ಹೇಗೂ ಮಾಡಿಸಿರುತ್ತೀರಿ. ನಿಮ್ಮದೂ ಅವರದೂ ಎರಡನ್ನೂ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಕುದುರೆ ಸವಾರಿಯನ್ನು ಸಾಹಸ ಕ್ರೀಡೆ ಅಂತ ಹೊರಗಿಟ್ಟಿರುತ್ತಾರೆ.

ಸ್ಟುಟ್‌ಗಾರ್ಟ್ ಮಲ್ಲಿಗೆ:
ತುಂಬಾ ಥ್ಯಾಂಕ್ಸ್! ಲಾಯದ ಹುಡುಗ ಅವರೇ, ಅತ್ತೆ ಅಂತೂ ಹತ್ತುವುದಿಲ್ಲ. ಮೊಣಕಾಲು ನೋವು. ಅವರು ಸುಮ್ಮನೆ ಹೋಟೆಲಿನಲ್ಲೇ ಕೂರಬೇಕಾ? ಮಗಳಿಗೂ ನಡಿಗೆಯ ಸವಾರಿ ಬೋರ್ ಆಗುವುದಿಲ್ವಾ?

ಲಾಯದ ಹುಡುಗ:
ಮಗಳನ್ನು ಮುಂಚಿನ ದಿನ ಲಾಯದ ಅಂಗಳದಲ್ಲೇ ಒಂದು ಪಾಠಕ್ಕೆ ಬಿಡಿ. ಅಲ್ಲಿ ಉದ್ದ ಹಗ್ಗ ಕಟ್ಟಿ, ನಡುವೆ ನಿಂತು ಕುಕ್ಕುಲೋಟ ಓಡಿಸುತ್ತಾರೆ. ಮಕ್ಕಳಿಗೆ ಅದರಲ್ಲೇ ಜಾಸ್ತಿ ಖುಷಿ. ಕುದುರೆ ತಿಕ್ಕುವುದಕ್ಕೂ ಬಿಟ್ಟರೆ ಇನ್ನೂ ಒಳ್ಳೆಯದು.

ಅತ್ತೆಯವರ ಅದೃಷ್ಟ ನೋಡಿ, ಸೆಪ್ಟೆಂಬರ್ 7 ಮತ್ತು 8ರಂದು ಮಾವೊ ಪಟ್ಟಣದ ಹಬ್ಬ. ನಿಮ್ಮ ಟಿಕೆಟ್ ಅಷ್ಟರವರೆಗೆ ಇದ್ದರೆ ತಪ್ಪಿಸಬೇಡಿ. ಮೆನೋರ್ಕಾ ತಳಿಯ ಕುದುರೆಗಳು ಅಪ್ಪಟ ಕಪ್ಪು. ಬ್ಯಾಂಡ್ ಶುರುವಾದ ಕೂಡಲೇ ಜನರ ಮಧ್ಯೆ ಎರಡೇ ಕಾಲಿನ ಮೇಲೆ ಎದ್ದು ನಿಂತು ಮುಂದೆ ಮುಂದೆ ಬರುತ್ತವೆ. ಹುಡುಗರು ಅದೃಷ್ಟ ಅಂತ ಅವುಗಳ ಎದೆ ಮುಟ್ಟಲು ನುಗ್ಗುತ್ತಾರೆ. ಇದೇ ಥರದ ಹಬ್ಬಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸಿಯುತದೆಯಾ ಪಟ್ಟಣದಲ್ಲಿ ಜೂನ್ 23, 24ಕ್ಕೆ ಆಗುವ ಸಂತ್ ಜುವಾನ್. ದಸರಾ ಮೆರವಣಿಗೆಯಲ್ಲಿ ಕುದುರೆಗೂ ಜನಕ್ಕೂ ನಡುವೆ ಹಗ್ಗ ಇರುತ್ತದೆ, ಅಲ್ವಾ? ಇಲ್ಲಿ ಏನೂ ಇಲ್ಲ. ಅಶ್ವದಳದವರ ಮಗನಾದ ನನಗೇ ಮೊದಲ ಸಲ ಹೊಟ್ಟೆ ಕಲಸಿತ್ತು. ಇಷ್ಟು ಗದ್ದಲದಲ್ಲಿ ಕುದುರೆಗೆ ಹಿಂಸೆ ಅಲ್ಲವೇ ಅಂತ ಕೇಳುವವರು ಅಲ್ಲೂ ಇದ್ದಾರೆ. ನನಗೂ ಈ ಗದ್ದಲ ಪೂರ್ತಿ ಒಪ್ಪಿಗೆ ಇಲ್ಲ, ಆದರೂ ಹೋಗಿ ನಿಲ್ಲುತ್ತೇನೆ.

ಅತ್ತೆಯವರನ್ನೂ ಮಗಳನ್ನೂ ಹಬ್ಬ ನಡೆಯುವ ಚೌಕದ ಒಳಗಂತೂ ಕರೆದೊಯ್ಯಲೇಬೇಡಿ. ಸವಾರರು ಚೌಕಕ್ಕೆ ಬರುವ ಬೀದಿಯ ಅಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಅಲ್ಲೇ ಕುದುರೆ ಹತ್ತಿರದಿಂದ ಕಾಣುತ್ತದೆ, ಬಾಲಕ್ಕೆ ಕಟ್ಟಿದ ರಿಬ್ಬನ್ ಕೂಡ. ‘ಪೊಮಾದಾ’ ಅಂತ ನಿಂಬೆ ಶರಬತ್ತಿನ ಥರದ್ದು ಎಲ್ಲರ ಕೈಯಲ್ಲೂ ಇರುತ್ತದೆ, ಅದರಲ್ಲಿ ಜಿನ್ ಇದೆ. ಅತ್ತೆಯವರು ಸಸ್ಯಾಹಾರಿ ಆದರೆ ಸುರುಳಿ ಸುತ್ತಿದ ಎನ್ಸೈಮಾದಾ ಬನ್ನನ್ನೂ ಕೊಡಿಸಬೇಡಿ, ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ.

ಸ್ಟುಟ್‌ಗಾರ್ಟ್ ಮಲ್ಲಿಗೆ:
ಅಯ್ಯೋ, ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ನಮ್ಮ ವಾಪಸ್ ಟಿಕೆಟ್ 9ನೇ ತಾರೀಖಿಗೆ. ಇವತ್ತೇ ಲಾಯಕ್ಕೆ ಮೇಲ್ ಹಾಕುತ್ತೇನೆ, ಯಜಮಾನರ ತೂಕ ಸಮೇತ.