ಸಹಾಯ ಬೇಕು: ಕನ್ನಡ ಹ್ಯಾಶ್‌ಟ್ಯಾಗ್ ಅರ್ಧಕ್ಕೇ ತುಂಡಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಅವರ ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ನಾನೂ ಇದಕ್ಕೆ ಹೊಸಬಳೇ.

#ಇಳಕಲ್ ಸೀರೆ ಅಂತ ಹಾಕಿದರೆ 'ಇಳಕಲ್' ಮಾತ್ರ ನೀಲಿಯಾಗುತ್ತದೆ, 'ಸೀರೆ' ಹೊರಗೇ ಉಳಿಯುತ್ತದೆ. ನಡುವೆ ಜಾಗ ಬಿಡಬಾರದಂತೆ. ಸರಿ, ಸೇರಿಸಿ ಬರೆದೆ. ಆಗ 'ಸ' ಹೋಗಿ 'ಲ' ಕೆಳಗೆ ಒತ್ತಾಗಿ ಕೂತು #ಇಳಕಲ್ಸೀರೆ ಆಯ್ತು! ಅದನ್ನು ನೋಡಿದರೆ ಸೀರೆ ಅಂತಲೇ ಅನ್ನಿಸಲ್ಲ. ಕೊನೆಗೆ #ಇಳಕಲ್_ಸೀರೆ ಮಾಡಿದೆ. ಪೂರ್ತಿ ಲಿಂಕ್ ಆಯ್ತು, ಆದರೆ ಅಂಡರ್‌ಸ್ಕೋರ್ ಹಾಕಿ ಯಾರು ಹುಡುಕುತ್ತಾರೆ ಹೇಳಿ? ಅಕೌಂಟ್ ಪಬ್ಲಿಕ್ ಆಗಿಯೇ ಇದೆ, ಅದನ್ನೂ ನೋಡಿಯಾಯ್ತು.

ಮೆನ್ಷನ್ ಕಥೆ ಬೇರೆ. ಗಿರಾಕಿಗಳು ಟೋಪ್ ತೆನಿ ಸೆರಗು (ಇಳಕಲ್ ಸೀರೆಗೇ ವಿಶೇಷವಾದ ಸೆರಗು) ಕಾಣುವ ಹಾಗೆ ಚಂದದ ಫೋಟೋ ಹಾಕಿ, @ ಜೊತೆ ಪೇಜಿನ ಹೆಸರನ್ನು ಕನ್ನಡದಲ್ಲೇ ಬರೆಯುತ್ತಾರೆ. ಯೂಸರ್‌ನೇಮ್ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಲ್ವಾ, ಹಾಗಾಗಿ ಲಿಂಕ್ ಆಗಲ್ಲ, ನಮಗೆ ನೋಟಿಫಿಕೇಶನ್ನೂ ಬರಲ್ಲ. ಆಮೇಲೆ ಅವರೇ ಫೋನ್ ಮಾಡಿ "ಫೋಟೋ ನೋಡಿದ್ರಾ?" ಅಂತ ಕೇಳುತ್ತಾರೆ. ಸದ್ಯಕ್ಕೆ ಸೀರೆ ಜೊತೆ ಯೂಸರ್‌ನೇಮ್ ಬರೆದ ಚೀಟಿ ಇಡೋಣ ಅಂದುಕೊಂಡಿದ್ದೇವೆ, ಅದು ಹೇಗೋ ಆಗುತ್ತದೆ.

ನಾನು ಸಿಕ್ಕಿಹಾಕಿಕೊಂಡಿರುವುದು ಹ್ಯಾಶ್‌ಟ್ಯಾಗ್‌ನಲ್ಲಿ. ಇಂಥ ಪೇಜ್ ನಡೆಸುವವರು ದಯವಿಟ್ಟು ಹೇಳಿ: ಅಂಡರ್‌ಸ್ಕೋರ್ ಇರುವ ಕನ್ನಡ ಟ್ಯಾಗ್ ಇಟ್ಟುಕೊಳ್ಳಲಾ, ಇಂಗ್ಲಿಷ್ ಅಕ್ಷರದ್ದು ಹಾಕಲಾ, ಇಲ್ಲ ಎರಡನ್ನೂ ಹಾಕಲಾ? ನಿಮಗೆ ಯಾವುದರಿಂದ ಹೊಸ ಗಿರಾಕಿಗಳು ಜಾಸ್ತಿ ಬಂದರು?